ಹರಕೆ ಇಲ್ಲದ ಮುಡಿ

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಇನ್ನೇನಾದರೂ ಕೇಳುವುದಿದೆಯೇ ಎಂದರು. ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದ. ನಾನು ಏನೂ ಇಲ್ಲ ಎಂದೆ.

ಇತ್ತು. ಒಂದೇ ಪ್ರಶ್ನೆ. ಈ ಕಿಮೋ ಮುಗಿದ ಮೇಲೆ ನನಗೆ ಮಕ್ಕಳಾಗುತ್ತವೆಯೇ, ಆಗದೆ ಹೋಗುವ ಸಾಧ್ಯತೆ ಇದ್ದರೆ ಅದಕ್ಕೆ ಈಗಲೇ ಮಾಡಬೇಕಾದದ್ದು ಏನಾದರೂ ಇದೆಯೇ. ಇಂಥ ಔಷಧಗಳು ಅಂಡಾಶಯಕ್ಕೆ ಪೆಟ್ಟು ಕೊಡಬಹುದೆಂದೂ, ಏನಾದರೂ ಮಾಡುವುದಿದ್ದರೆ ಮೊದಲ ಬಾಟಲಿ ಏರಿಸುವ ಮುಂಚೆಯೇ ಮಾಡಬೇಕೆಂದೂ ಓದಿಕೊಂಡು ಹೋಗಿದ್ದೆ. ವಾಕ್ಯವನ್ನೂ ಸಿದ್ಧ ಮಾಡಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಮಾಡಿಕೊಂಡಿದ್ದೆ, ಯಾಕೆಂದರೆ ಕನ್ನಡದಲ್ಲಾದರೆ ಅಪ್ಪನಿಗೆ ಅರ್ಥವಾಗುತ್ತದೆ. ಆದರೆ ಆ ಕೋಣೆಯಲ್ಲಿ ಅಪ್ಪನ ಮೊಣಕೈ ನನ್ನ ಕುರ್ಚಿಯ ಕೈಗೆ ತಾಗಿಕೊಂಡಿತ್ತು, ಮತ್ತು ಇಂಗ್ಲಿಷೂ ಬಾಯಿಗೆ ಬರಲಿಲ್ಲ.

ನಾನು ಮಾನ್ವಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನಗೆ ಕೊಡಲಿರುವ ಔಷಧಗಳ ಅಣುರಚನೆಯನ್ನು ಬೋರ್ಡಿನ ಮೇಲೆ ತಪ್ಪಿಲ್ಲದೆ ಬರೆಯಬಲ್ಲೆ. ಅವುಗಳಲ್ಲಿ ಒಂದು ಕಿತ್ತಳೆಗೆಂಪು ಬಣ್ಣದ್ದು, ಅದು ಮೂತ್ರವನ್ನೂ ಕೆಂಪು ಮಾಡುತ್ತದೆ ಎಂಬುದೂ ಗೊತ್ತಿತ್ತು. ಆದರೂ ಆ ಒಂದು ಪ್ರಶ್ನೆಯನ್ನು ನುಂಗಿಕೊಂಡು ಎದ್ದು ಬಂದೆ.

ಹಿಂದಿನ ತಿಂಗಳು ನನ್ನ ಬಲಮೊಲೆಯಿಂದ ಒಂದು ಗಂಟು ತೆಗೆದಿದ್ದರು. ಈ ವಾಕ್ಯವನ್ನು ಹೀಗೆ ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಹೇಳಲಿಲ್ಲ. ಅವ್ವ ‘ಎದಿಯಾಗ ಗಂಟು’ ಎಂದಳು. ಅಪ್ಪ ‘ಆಪರೇಷನ್’ ಎಂದಷ್ಟೇ ಹೇಳಿದ, ಎಲ್ಲಿಯದು ಎಂದು ಯಾರಾದರೂ ಕೇಳಿದರೆ ಹೊಟ್ಟೆಯದು ಎಂದ. ನಾನು ಕಾಲೇಜಿಗೆ ‘ಅನಾರೋಗ್ಯ’ ಎಂದು ಬರೆದುಕೊಟ್ಟೆ. ಮೂವರೂ ಸೇರಿ ಒಂದು ಅಂಗವನ್ನು ದೇಹದಿಂದ ಸರಿಸಿ ಬೇರೆಲ್ಲೋ ಇಟ್ಟುಬಿಟ್ಟಿದ್ದೆವು.

ಗಾಯ ಮಾಗುವವರೆಗೆ ಕಿಮೋ ಬೇಡವೆಂದಿದ್ದರು. ಆ ಬಿಡುವಿನಲ್ಲಿ ನಾನು ಭಯಪಡುವುದನ್ನು ಒಂದು ಕೆಲಸದಂತೆ ಮಾಡಿದೆ. ಬಾಯಲ್ಲಿ ಹುಣ್ಣಾಗುತ್ತವೆ ಎಂದು ಓದಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ ತಂದೆ. ಬೆರಳ ತುದಿಗಳು ಜುಮ್ಮೆನ್ನುತ್ತವೆ ಎಂದು ಓದಿ, ಸೀಮೆಸುಣ್ಣ ಹಿಡಿಯಲು ಆಗುತ್ತದೋ ಇಲ್ಲವೋ ಎಂದು ಎಡಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಕೊಳ್ಳಲು ನೋಡಿದೆ. ಹೆಸರಿಲ್ಲದ ಯಾವುದೋ ಹೆಂಗಸು ಎಲ್ಲೋ ಬರೆದಿದ್ದಳು: ವಾಂತಿಯಾಗುವ ದಿನಗಳಲ್ಲಿ ಇಷ್ಟದ ತಿಂಡಿ ತಿನ್ನಬೇಡಿ, ಆಮೇಲೆ ಜೀವಮಾನವೆಲ್ಲ ಅದರ ವಾಸನೆ ಸೇರುವುದಿಲ್ಲ. ಅದನ್ನು ಓದಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿಯನ್ನು ಬಿಟ್ಟೇಬಿಟ್ಟೆ. ವಾಂತಿ ಇನ್ನೂ ಶುರುವಾಗಿರಲಿಲ್ಲ. ಒಂದು ದಿನ ಅಪ್ಪ ಕಾಗದದಲ್ಲಿ ಕಟ್ಟಿಸಿಕೊಂಡು ತಂದಾಗ, ಹಸಿವಿಲ್ಲ ಎಂದು ಹೇಳಿ ನನ್ನ ಕೋಣೆಗೆ ಹೋದೆ. ಮಿರ್ಚಿಯ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು, ಹಸಿವೂ ಇತ್ತು.

ಕೂದಲಿನ ಚಿಂತೆಯೇ ಎಲ್ಲಕ್ಕಿಂತ ನಾಚಿಕೆಗೇಡಿನದಾಗಿತ್ತು. ಜೀವ ಉಳಿಯುವ ಮಾತು ನಡೆಯುವಾಗ ಕೂದಲಿಗೆ ಅಳುವವಳು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ನನ್ನ ಕೂದಲು ದಟ್ಟ, ಸೊಂಟದ ಕೆಳಗೆ ಬರುತ್ತಿತ್ತು. ನಾನು ಮಾತು ಕಡಿಮೆ ಆಡುವವಳು, ನೋಡಲು ಸಾಧಾರಣ. ಜನ ನನ್ನ ಬಗ್ಗೆ ಏನಾದರೂ ಒಳ್ಳೆಯದು ಹೇಳಬೇಕೆಂದರೆ ಕೂದಲನ್ನೇ ಹೇಳುತ್ತಿದ್ದರು. ಅದು ಹೋದರೆ ಅವರು ಏನು ಹೇಳುತ್ತಾರೆ ಎಂದು ನಿಜವಾಗಿಯೂ ಯೋಚಿಸಿದ್ದೇನೆ.

ಅವ್ವನ ಚಿಂತೆ ಬೇರೆ ದಾರಿಯಲ್ಲಿ ಬಂದು ಅಲ್ಲಿಗೇ ಮುಟ್ಟಿತು. ಬೋಳಾದ ತಲೆಯನ್ನು ಓಣಿಯವರು ನೋಡಿದರೆ ರೋಗ ಯಾವುದೆಂದು ಕೇಳದೆಯೇ ತಿಳಿಯುತ್ತದೆ, ತಿಳಿದರೆ ಮುಂದೆ ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ. ಇದನ್ನು ಆಕೆ ನನ್ನೆದುರು ಹೇಳಲಿಲ್ಲ. ದೇವದುರ್ಗದಲ್ಲಿರುವ ತನ್ನ ಅಕ್ಕನಿಗೆ, ಅಂದರೆ ನನ್ನ ದೊಡ್ಡವ್ವನಿಗೆ, ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಹೇಳಿದಳು. ಉಪಾಯ ಹೇಳಿದ್ದು ದೊಡ್ಡವ್ವ. ಕೂದಲು ತಾನಾಗಿ ಉದುರುವ ಮುಂಚೆ ಮನೆದೇವರಿಗೆ ಮುಡಿ ಕೊಟ್ಟುಬಿಡೋಣ, ಕೇಳಿದವರಿಗೆ ಹರಕೆ ಇತ್ತು ಎಂದರಾಯಿತು, ದೇವರ ಹೆಸರಿನಲ್ಲಿ ಬೋಳಾದ ತಲೆಯನ್ನು ಯಾರೂ ಎರಡನೇ ಮಾತು ಕೇಳುವುದಿಲ್ಲ.

ನಮ್ಮ ಕಡೆ ಇದು ನಂಬುವಂಥ ಸುಳ್ಳು. ಆಂಧ್ರದ ಕಡೆಯ ಬೆಟ್ಟಗಳಿಗೆ ಹೋಗಿ ಬಂದ ಹೆಂಗಸರು ನುಣ್ಣನೆಯ ತಲೆಗೆ ಗಂಧ ಹಚ್ಚಿಕೊಂಡು ಬಸ್ಸಿನಿಂದ ಇಳಿಯುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಅವರಿಗೆ ಜನ ಸೀಟು ಬಿಟ್ಟುಕೊಡುತ್ತಾರೆ. ಅವ್ವ ಈ ಉಪಾಯವನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಕೊತ್ತಂಬರಿ ಸೋಸುತ್ತಿದ್ದಳು. ನಾನು ಹೂಂ ಎಂದೆ. ಮೂಢನಂಬಿಕೆ ಎಂದು ವಾದ ಮಾಡಬಹುದಿತ್ತು. ನನಗೂ ಅದು ಅನುಕೂಲವಾಗಿ ಕಂಡಿತು, ಅಷ್ಟೇ ಕಾರಣ.

ಅವ್ವನ ಜೊತೆ ದೇವದುರ್ಗಕ್ಕೆ ಹೋಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ತಲೆ ಬೋಳಿಸಿಕೊಳ್ಳಬಹುದೇ ಎಂದು ಕೇಳಿದೆ. ಬೋಳಿಸಬಹುದು, ಆದರೆ ಕತ್ತಿ ಬೇಡ, ಗಾಯವಾದರೆ ಕಿಮೋ ಸಮಯದಲ್ಲಿ ಸೋಂಕು ತಗಲುತ್ತದೆ, ಟ್ರಿಮ್ಮರ್ ಮಷೀನಿನಿಂದ ಮಾಡಿಸಿ ಎಂದರು. ಇದನ್ನು ಕೇಳಲು ನನಗೆ ನಾಚಿಕೆಯಾಗಲಿಲ್ಲ. ಫೋನ್ ಕೈಯಲ್ಲಿತ್ತು, ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಆ ಇನ್ನೊಂದು ಪ್ರಶ್ನೆಯನ್ನೂ ಅಲ್ಲೇ ಕೇಳಬಹುದಿತ್ತು. ಫೋನ್ ಇಟ್ಟ ಮೇಲೆ ಅದು ನೆನಪಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಇಡುವ ಮುಂಚೆಯೇ ನೆನಪಾಗಿತ್ತು.

ಗುಡಿ ಊರಿಗೆ ಸ್ವಲ್ಪ ಹೊರಗೆ, ಹೊಲಗಳ ನಡುವೆ. ಕ್ಷೌರದವರು ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂತಿದ್ದರು, ವಯಸ್ಸಾದವರು, ಕಿವಿಯಲ್ಲಿ ಬಿಳಿ ಹರಳಿನ ಒಂಟಿ. ನಾನು ಬ್ಯಾಗಿನಿಂದ ಅಪ್ಪನ ಟ್ರಿಮ್ಮರ್ ತೆಗೆದು ಅವರ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟದೆ ನೋಡಿದರು.

“ಇದೇನವ್ವಾ, ಕುರಿ ಉಣ್ಣಿ ಕತ್ತರಸಾಕ ಬಂದೀಯೇನು? ದೇವರ ಮುಡಿಗಿ ಮಷೀನ್ ನಡ್ಯಂಗಿಲ್ಲ.”

ದೊಡ್ಡವ್ವ ನನಗಿಂತ ಬೇಗ ಉತ್ತರ ಕೊಟ್ಟಳು. ಹುಡುಗಿಯ ತಲೆಯಲ್ಲಿ ಸಣ್ಣ ಸಣ್ಣ ಹುಣ್ಣು ಇದಾವೆ, ಕತ್ತಿ ತಾಗಿದರೆ ರಕ್ತ ಬರುತ್ತದೆ ಎಂದಳು. ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೂದಲು ಬಿಡಿಸಿ, ಹುಣ್ಣು ಹುಡುಕಿದರು. ಒಂದೂ ಇರಲಿಲ್ಲ. ದೊಡ್ಡವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ಶಾಸ್ತ್ರಕ್ಕೆ ಎಂದು ಕತ್ತರಿಯಿಂದ ಮೂರು ಕಡೆ ಸ್ವಲ್ಪ ಸ್ವಲ್ಪ ಕತ್ತರಿಸಿ ದೇವರ ಹೆಸರು ಹೇಳಿದರು, ಜಡೆಯನ್ನು ಬುಡದಲ್ಲಿ ಕೊಯ್ದು ದೊಡ್ಡವ್ವನ ಕೈಗೆ ಕೊಟ್ಟರು, ಉಳಿದದ್ದಕ್ಕೆ ಮಷೀನು ಹಿಡಿದರು. ತಲೆ ಇಷ್ಟು ಹಗುರವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೇವಿನ ಕೆಳಗಿನ ಗಾಳಿ ಕಿವಿಯ ಹಿಂದೆ ಹಾದುಹೋಗುವುದು ಗೊತ್ತಾಗುತ್ತಿತ್ತು. ಆ ಹೊತ್ತಿಗೆ ನನಗೆ ದುಃಖವಾಗಲಿಲ್ಲ. ಅಂಥ ನೆಮ್ಮದಿ ಆಗಬಾರದಿತ್ತು ಎಂದು ಮಾತ್ರ ಅನ್ನಿಸಿತು.

ನಾವು ಮೂವರೂ, ಅವ್ವ, ದೊಡ್ಡವ್ವ, ನಾನು, ಒಂದು ವಿಷಯವನ್ನು ಮರೆತಿದ್ದೆವು. ಹರಕೆ ಹೊತ್ತವರು ಮುಡಿ ಕೊಡುವುದು ಕೇಳಿದ್ದು ಸಿಕ್ಕ ಮೇಲೆ. ಸಿಗುವ ಮುಂಚೆ ಯಾರೂ ಕೊಡುವುದಿಲ್ಲ. ಮುಡಿ ಕೊಟ್ಟಳೆಂದರೆ ಇವಳಿಗೆ ಏನೋ ಸಿಕ್ಕಿದೆ. ದೊಡ್ಡವ್ವನ ಓಣಿಯ ಹೆಂಗಸರಿಗೆ ಇದನ್ನು ಲೆಕ್ಕಹಾಕಲು ಸ್ವಲ್ಪವೂ ಹೊತ್ತು ಬೇಕಾಗಲಿಲ್ಲ. ನಾವು ಗುಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ನಾಲ್ಕಾರು ಜನ ಪಡಸಾಲೆಗೆ ಬಂದು ಕೂತರು. ಏನು ಸಿಕ್ಕಿತು ಎಂದು ಕೇಳಿದರು. ದೊಡ್ಡವ್ವ ನೌಕರಿ ಕಾಯಂ ಆಗಿದೆ ಎಂದಳು. ಅದು ಯಾರಿಗೂ ಒಪ್ಪಿಗೆಯಾಗಲಿಲ್ಲ.

“ನೌಕರಿಗಿ ಯಾರರ ಇಷ್ಟ ಉದ್ದ ಕೂದಲಾ ಕೊಡ್ತಾರೇನಬೇ,” ಎಂದಳು ಒಬ್ಬಾಕೆ. “ಸಂಬಂಧ ಕೂಡಿರಬೇಕು. ಹುಡುಗನ ಕಡೇರು ಗಟ್ಟಿ ಕುಳ ಇರಬೇಕು. ಅದಕ್ಕ ಬಾಯಿ ಬಿಡವಲ್ರು.”

ಎಲ್ಲರೂ ನಕ್ಕರು. ದೊಡ್ಡವ್ವ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಾನೂ ಸ್ವಲ್ಪ ನಕ್ಕಳು. ಅಷ್ಟು ಸಾಕಾಯಿತು. ಮದುವೆ ಗೊತ್ತಾದ ಹುಡುಗಿ ಮನೆಗೆ ಬಂದಿದ್ದಾಳೆ, ಉಡಿ ತುಂಬದೆ ಹಾಗೇ ಕಳಿಸಿದರೆ ಹೇಗೆ. ಒಬ್ಬಾಕೆ ಮನೆಗೆ ಓಡಿ ಹೋಗಿ ಅಕ್ಕಿ ತಂದಳು, ಇನ್ನೊಬ್ಬಾಕೆ ಕುಪ್ಪಸದ ಕಣ, ದೊಡ್ಡವ್ವನ ಮನೆಯಲ್ಲೇ ಒಣಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಇದ್ದವು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಬೋಳು ತಲೆಗೆ ಸೆರಗು ಹೊದಿಸಿದರು. ಅಕ್ಕಿ ತುಂಬುವಾಗ ಸೆರಗನ್ನು ಎರಡೂ ಕೈಯಿಂದ ಹಿಡಿದು ಉಡಿ ಒಡ್ಡಬೇಕು. ಗಂಟು ತೆಗೆಯುವಾಗ ಕಂಕುಳಲ್ಲೂ ಕೊಯ್ದಿದ್ದರು, ಬಲಗೈ ಎತ್ತಿ ಹಿಡಿದಾಗ ಆ ಹೊಲಿಗೆಯ ಜಾಗ ಎಳೆಯಿತು. ಮುಖ ಹಿಂಡಿದ್ದನ್ನು ಅವರು ನಾಚಿಕೆ ಎಂದುಕೊಂಡರು. ಅವರು ತಿಳಿದದ್ದು ತಪ್ಪೂ ಅಲ್ಲ.

ಎಲ್ಲರಿಗಿಂತ ಹಿರಿಯಾಕೆ ಕೊನೆಯ ಹಿಡಿ ಅಕ್ಕಿ ಹಾಕಿ, ನನ್ನ ಗದ್ದ ಹಿಡಿದೆತ್ತಿ, ಮೆಲ್ಲಗೆ ಹೇಳಿದಳು: “ಬರೂ ವರ್ಷ ಈ ಉಡಿಯಾಗ ಕೂಸು ಆಡ್ಲಿ ನನ್ನವ್ವಾ.”

ಅಕ್ಕಿ ತೊಡೆಯ ಮೇಲೆ ಭಾರವಾಗಿ ಕೂತಿತ್ತು. ಬಾಗಿಲ ಹತ್ತಿರ ನಿಂತಿದ್ದ ಅವ್ವನ ಕಡೆ ನೋಡಿದೆ. ಆಕೆ ಒಳಗೆ ಹೋದಳು.

ಅವರೆಲ್ಲ ಎದ್ದು ಹೋದ ಮೇಲೆ ಒಬ್ಬಳು ಉಳಿದಳು. ಪಕ್ಕದ ಮನೆಯ ಸೊಸೆ, ನನ್ನ ವಯಸ್ಸಿನವಳೇ ಇರಬೇಕು. ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಮದುವೆಯಾಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ ಎಂದು ಆಕೆಯ ಬಗ್ಗೆ ದೊಡ್ಡವ್ವ ಹಿಂದೊಮ್ಮೆ ಹೇಳಿದ್ದು ನನಗೆ ನೆನಪಿತ್ತು. ಆಕೆ ನನ್ನ ಹತ್ತಿರ ಬಂದು ಕೂತು, ಯಾರಿಗೂ ಕೇಳಿಸದಂತೆ, “ಎಷ್ಟ್ ಸೋಮವಾರ ಹಿಡದಿದ್ದಿ ಅಕ್ಕಾ?” ಎಂದಳು.

ನನಗೆ ಗೊತ್ತಾಗಲಿಲ್ಲ ಎಂದು ಹೇಳಬಹುದಿತ್ತು. ಹರಕೆಯೇ ಇರಲಿಲ್ಲ ಎನ್ನಬಹುದಿತ್ತು. ನಾನು ಐದು ಎಂದೆ. ಉಪವಾಸ ಪೂರ್ತಿಯೋ, ಒಪ್ಪೊತ್ತೋ ಎಂದು ಕೇಳಿದಳು. ಒಪ್ಪೊತ್ತು ಎಂದೆ, ಪೂರ್ತಿ ಉಪವಾಸ ಎಂದರೆ ಆಕೆಗೆ ಕಷ್ಟವಾದೀತು ಎಂಬ ಕರುಣೆಯಿಂದ. ಸುಳ್ಳಿನೊಳಗೆ ಕರುಣೆ ತೋರಿಸುವ ಮಟ್ಟಕ್ಕೆ ಇಳಿದಿದ್ದೆ. ಆಕೆ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಹೋದಳು.

ದೇವದುರ್ಗದಿಂದ ಗಬ್ಬೂರಿನ ಮೇಲೆ ರಾಯಚೂರಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಆಕೆಯ ಬಗ್ಗೆಯೇ ಯೋಚಿಸಿದೆ. ಮಕ್ಕಳಾಗಲು ಏನು ಮಾಡಬೇಕು ಎಂದು ಗುರುತಿಲ್ಲದ ಒಬ್ಬಳನ್ನು ಕೇಳುವ ಧೈರ್ಯ ಆಕೆಗಿತ್ತು. ತನ್ನ ಅತ್ತೆ ಆಗಷ್ಟೇ ಕೂತು ಎದ್ದುಹೋದ ಪಡಸಾಲೆಯಲ್ಲೇ ಕೇಳಿದಳು. ನಾನು ಓದಿಕೊಂಡವಳು, ಉತ್ತರ ಗೊತ್ತಿರುವವರ ಎದುರು ಕೂತು ಏನೂ ಇಲ್ಲ ಎಂದಿದ್ದೆ. ಅವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಂತೆ ಇದ್ದಳು. ಉಡಿಯ ಅಕ್ಕಿ ಅವಳ ಕಾಲ ಹತ್ತಿರದ ಚೀಲದಲ್ಲಿತ್ತು. ಅದನ್ನು ಬೇರೆಯವರಿಗೆ ಕೊಡುವಂತಿಲ್ಲ, ಉಡಿ ತುಂಬಿಸಿಕೊಂಡವಳೇ ಉಣ್ಣಬೇಕು. ಮರುದಿನ ಅವ್ವ ಅದರಿಂದ ಹುಗ್ಗಿ ಮಾಡಿದಳು. ನಾನು ಉಂಡೆ. ರುಚಿಯಾಗಿತ್ತು.

ಸಂಕಟದ ಸುದ್ದಿ ಆ ವಾರವೇ ದೊಡ್ಡವ್ವನ ಫೋನಿನಲ್ಲಿ ಬಂತು. ಪಕ್ಕದ ಮನೆಯ ಸೊಸೆ ಸೋಮವಾರ ಹಿಡಿದಿದ್ದಾಳೆ. ದೊಡ್ಡವ್ವ ಅದನ್ನು ಸಂತೋಷದಿಂದಲೇ ಹೇಳಿದಳು.

ಕಿಮೋ ಶುರುವಾಗುವ ಮುಂಚೆ ಕಾಲೇಜಿಗೆ ಹೋಗಿ ದೀರ್ಘ ರಜೆ ಹೇಳಿ, ಪ್ರಯೋಗಾಲಯದ ಬೀಗದ ಕೈ ಒಪ್ಪಿಸಿ ಬರಬೇಕಿತ್ತು. ಬೆಳಗಿನ ಬಸ್ಸಿನಲ್ಲಿ ಮಾನ್ವಿಗೆ ಹೊರಟೆ. ನಮ್ಮ ಕಾಲೇಜಿನಲ್ಲಿ ಉರ್ದು ಹೇಳಿಕೊಡುವ ಸಹೋದ್ಯೋಗಿಯೊಬ್ಬಳು ಅದೇ ಬಸ್ಸಿಗೆ ಬರುತ್ತಾಳೆ. ರಾಯಚೂರಿನ ಹಳೇ ಪೇಟೆಯವಳು, ಮನೆಯಲ್ಲಿ ದಖ್ಖನಿ ಆಡುತ್ತಾಳೆ, ನನ್ನ ಹತ್ತಿರ ಕನ್ನಡ, ಎರಡನ್ನೂ ಕೂಡಿಸಿ ಬೈಯುತ್ತಾಳೆ. ನಾನು ತಲೆಗೆ ದುಪಟ್ಟಾ ಬಿಗಿದುಕೊಂಡು ಅವಳ ಪಕ್ಕ ಕೂತಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕ್ಯಾ ಜೀ, ನೀನೂ ನಮ್ಮ ಪಾರ್ಟಿ ಸೇರಿದಿ? ಆದ್ರ ಕಟ್ಟೂದು ಬರೂದಿಲ್ಲ ನಿನಗ. ಈರುಳ್ಳಿ ಗಂಟು ಕಟ್ಟಿದಂಗ ಕಟ್ಟಿ.”

ನಾನು ನಗಲಿಲ್ಲ. ಅವಳು ಬಟ್ಟೆ ಸರಿಮಾಡಲು ಕೈ ಹಾಕಿದಳು, ಕೈ ನಿಂತಿತು, ಒಳಗೆ ಕೂದಲಿಲ್ಲದ್ದು ತಿಳಿಯಿತು. ಹರಕೆ ಎಂದೆ, ಆರು ತಿಂಗಳ ರಜೆ ಹೇಳಲು ಹೊರಟಿದ್ದೇನೆ ಎಂದೂ ಹೇಳಿದೆ. ಅವಳು ಸರಿ ಎಂದು ಹೇಳಿ, ತನ್ನ ಓಢನಿಯ ಪಿನ್ನೊಂದನ್ನು ತೆಗೆದು, ನನ್ನ ದುಪಟ್ಟಾವನ್ನು ಬಿಚ್ಚದೆಯೇ ಮಡಿಕೆ ಮಾಡಿ ಜಾರದಂತೆ ಸಿಕ್ಕಿಸಿದಳು. ಕಲ್ಮಲಾ ಊರು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ, ಮೊದಲು ಅನಾರೋಗ್ಯ, ಈಗ ಹರಕೆ, ಮುಂದೆ ಆರು ತಿಂಗಳು ರಜೆ, ತಾನು ದಡ್ಡಿಯಲ್ಲ ಎಂದಳು.

ನಾನು ಎಲ್ಲವನ್ನೂ ಹೇಳಿದೆ. ಹೇಗೆ ಬಾಯಿ ಬಿಟ್ಟೆನೋ ಗೊತ್ತಿಲ್ಲ. ಬಸ್ಸಿನ ಸದ್ದಿನಲ್ಲಿ ಮಾತು ಆಡುವುದು ಸುಲಭ, ಒಂದು ಪದ ಸರಿಯಾಗಿ ಕೇಳಿಸದಿದ್ದರೂ ನಡೆಯುತ್ತದೆ ಎಂಬ ಧೈರ್ಯ. ಗಂಟು, ಔಷಧಿ, ವಾಂತಿಯ ಭಯ, ಬೇವಿನ ಮರ, ಉಡಿ, ಆ ಸೊಸೆಯ ಸೋಮವಾರ. ಡಾಕ್ಟರ ಮುಂದೆ ನುಂಗಿದ ಪ್ರಶ್ನೆಯನ್ನು ಮಾತ್ರ ಕಲ್ಲೂರು ಬರುವವರೆಗೆ ಉಳಿಸಿಕೊಂಡಿದ್ದೆ. ಅದನ್ನೂ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು.

“ಕೇಳಿಲ್ಲಾ? ಇನ್ನೂ ಕೇಳಿಲ್ಲಾ? ನಾಳಿಲ್ಲ ನಾಡಿದ್ದ ಸೂಜಿ ಚುಚ್ತಾರ, ನೀ ಇನ್ನೂ ಶರಮ್ ಮಾಡಾಕತ್ತೀದಿ. ನಂಬರ್ ಕೊಡು. ನಾ ಕೇಳ್ತೀನಿ. ನನ್ನ ಹೆಸರಿಗೇ ಕೇಳ್ತೀನಿ, ನನಗೇ ಬಂದದ ಅಂತೀನಿ.”

ಫೋನು ತೆಗೆದೇಬಿಟ್ಟಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ತಮಾಷೆ ಮಾಡುತ್ತಿರಲಿಲ್ಲ. ನನ್ನ ರೋಗವನ್ನು ಅರ್ಧ ಗಂಟೆಯ ಮಟ್ಟಿಗೆ ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಏನೂ ಅನ್ನಿಸಲಿಲ್ಲ. ನನ್ನದನ್ನು ನನ್ನದೆನ್ನಲು ನನಗೆ ಆಗಿರಲಿಲ್ಲ. ಅವಳ ಫೋನನ್ನು ಕಿತ್ತುಕೊಂಡು, ನಾನೇ ಹೋಗುತ್ತೇನೆ ಎಂದೆ. ಇವತ್ತೇ ಎಂದು ನನ್ನ ಬಾಯಿಂದ ಹೇಳಿಸಿಕೊಂಡಳು. ಬೀಗದ ಕೈ ಒಪ್ಪಿಸಿ, ಪ್ರಾಂಶುಪಾಲರ ಕೋಣೆಯಿಂದ ಹೊರಬಂದು, ಸಿಕ್ಕ ಮೊದಲ ಬಸ್ಸಿನಲ್ಲಿ ರಾಯಚೂರಿಗೆ ವಾಪಸಾದೆ.

ಆಸ್ಪತ್ರೆಯಲ್ಲಿ ಡಾಕ್ಟರು ಊಟದ ಹೊತ್ತು ಮೀರಿ ಇನ್ನೂ ರೋಗಿಗಳನ್ನು ನೋಡುತ್ತಿದ್ದರು. ನನ್ನ ಸರದಿ ಬಂದಾಗ ಒಬ್ಬಳೇ ಒಳಗೆ ಹೋದದ್ದು ಅವರಿಗೆ ಆಶ್ಚರ್ಯವಾಯಿತೆಂದು ಕಾಣುತ್ತದೆ, ಬಾಗಿಲ ಕಡೆ ಒಮ್ಮೆ ನೋಡಿದರು. ನಾನು ಕೂರುವ ಮುಂಚೆಯೇ ಕೇಳಿದೆ. ಇಂಗ್ಲಿಷಿನ ಆ ಸಿದ್ಧ ವಾಕ್ಯ ಎಲ್ಲಿ ಹೋಯಿತೋ, ನಿಂತುಕೊಂಡು ಕನ್ನಡದಲ್ಲಿ ಕೇಳಿದೆ.

ಅವರು ನಿಧಾನವಾಗಿ ಎಲ್ಲವನ್ನೂ ಹೇಳಿದರು. ನನ್ನ ವಯಸ್ಸಿನಲ್ಲಿ ಅನೇಕರಿಗೆ ಮುಟ್ಟು ನಿಂತು ಮತ್ತೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ನಿಮ್ಮದು ಯಾವುದು ಎಂದು ಮೊದಲೇ ಹೇಳಲು ಬರುವುದಿಲ್ಲ. ಅಂಡಾಣುಗಳನ್ನು ತೆಗೆದು ಶೀತದಲ್ಲಿ ಕಾಪಿಡುವ ವ್ಯವಸ್ಥೆ ಹೈದರಾಬಾದಿನಲ್ಲಿದೆ. ಎರಡು ವಾರ ಹಿಡಿಯುತ್ತದೆ. ಅಷ್ಟರವರೆಗೆ ಕಿಮೋ ಮುಂದಕ್ಕೆ ಹಾಕಬಹುದು, ಅದಕ್ಕಿಂತ ಹೆಚ್ಚಿಗೆ ತಾವು ಒಪ್ಪುವುದಿಲ್ಲ. ಹೋಗುವುದಾದರೆ ನಾಳೆಯೇ ಹೋಗಬೇಕು. ಮಗುವಾಗಿಯೇ ತೀರುತ್ತದೆ ಎಂಬ ಭರವಸೆಯನ್ನು ಅದೂ ಕೊಡುವುದಿಲ್ಲ. ಇದನ್ನೆಲ್ಲ ಹೇಳಿ ಮುಗಿಸಿ ಅವರು ಸ್ವಲ್ಪ ಹೊತ್ತು ಮೇಜಿನ ಗಾಜನ್ನು ಒರೆಸಿದರು. ಆಪರೇಷನ್ ಆದ ವಾರವೇ ಹೇಳಬೇಕಾದ ಮಾತು ಇದು ಎಂದರು. ಹೇಳಲು ಬಂದಿದ್ದೆ ಎಂದೂ ಅಂದರು. ಅಪ್ಪ ಕಾರಿಡಾರಿನಲ್ಲಿ ಅವರನ್ನು ತಡೆದು, ಮದುವೆಯಾಗದ ಹುಡುಗಿ, ಆ ಮಾತು ಆಕೆಯ ಮುಂದೆ ತೆಗೆಯಬೇಡಿ ಎಂದು ಕೈಮುಗಿದು ಕೇಳಿಕೊಂಡಿದ್ದನಂತೆ. “ನಾನು ಅವರ ಮಾತು ಕೇಳಬಾರದಿತ್ತು. ನಿಮ್ಮನ್ನೇ ಕೇಳಬೇಕಿತ್ತು,” ಎಂದರು. ಹಾಗೆ ಹೇಳುವಾಗ ಅವರ ಮುಖವೂ ಕೆಂಪಾಗಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಆಸ್ಪತ್ರೆಗೆ ಬಾ ಎಂದಷ್ಟೇ ಹೇಳಿದೆ. ಅಪ್ಪನದು ರೈಸ್ ಮಿಲ್ಲಿನಲ್ಲಿ ಭತ್ತದ ಗುಣ ನೋಡುವ ಕೆಲಸ. ಕೆಲಸದ ನಡುವೆಯೇ ಎದ್ದು ಬಂದಿದ್ದ, ಅಂಗಿಯ ಮೇಲೆ, ಹುಬ್ಬಿನ ಮೇಲೆ ತೌಡಿನ ಪುಡಿ. ಏನೋ ಕೆಟ್ಟದ್ದಾಗಿದೆ ಎಂದು ತಿಳಿದು ಗಾಬರಿಯಾಗಿದ್ದ. ಅವನು ಬರುವವರೆಗೂ ನನಗೆ ಬಹಳ ಸಿಟ್ಟಿತ್ತು. ಕೇಳಬೇಕಾದ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದೆ. ನಾನೇನು ನಿನ್ನ ಭತ್ತದ ಚೀಲವೇ, ನನ್ನ ಪರವಾಗಿ ಬೇಡ ಎನ್ನಲು ನೀನು ಯಾರು. ಅವನು ನನ್ನ ಪಕ್ಕ ಕೂತು, ಮೊದಲು ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಆ ಮಾತುಗಳು ಬರಲಿಲ್ಲ. ಅವನೂ ನಾನೂ ಇಷ್ಟು ದಿನ ಪಕ್ಕಪಕ್ಕದಲ್ಲೇ ಕೂತು ಒಂದೇ ಮಾತನ್ನು ಬಚ್ಚಿಟ್ಟಿದ್ದೆವು. ಅವನು ಅದನ್ನು ನನ್ನ ಮಾನಕ್ಕೆ ಎಂದುಕೊಂಡ, ನಾನು ಅವನ ಮಾನಕ್ಕೆ ಎಂದುಕೊಂಡೆ. ಅಷ್ಟರಲ್ಲಿ ಗಾಯ ಮಾಗಿತ್ತು, ದಿನ ಕಳೆದಿತ್ತು.

ಹೈದರಾಬಾದಿಗೆ ಹೋಗಬೇಕು, ನಾಳೆಯೇ ಎಂದೆ. ಯಾಕೆ ಎಂದು ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಆದರೂ ನಾನು ಹೇಳಲೇಬೇಕಾಗಿತ್ತು, ಈ ಸಲ ಬೇರೆಯವರ ಬಾಯಿಂದ ಅದು ಹೋಗಬಾರದಾಗಿತ್ತು.

“ಮಕ್ಕಳು ಬೇಕೋ ಬ್ಯಾಡೋ ನನಗ ಈಗ ಗೊತ್ತಿಲ್ಲಪ್ಪಾ. ಬೇಕು ಅನ್ನಿಸಿದ ದಿನ ಇಲ್ಲ ಅಂತ ಆಗಬಾರದು. ಅದಕ್ಕ ತತ್ತಿ ತಗದು ಇಡ್ತಾರ. ಅದನ್ನ ಮಾಡಸಾಕ ಹೋಗಬೇಕು.”

ನಮ್ಮ ಕಡೆ ಕೋಳಿಗೆ ಹೇಳುವ ಪದವನ್ನೇ ಹೇಳಿದ್ದೆ, ಬೇರೆ ಪದ ಆ ಹೊತ್ತಿಗೆ ಸಿಗಲಿಲ್ಲ. ಎದುರಿನ ಬೆಂಚಿನಲ್ಲಿದ್ದ ಹೆಂಗಸು ಸೀರೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ನೆಲ ನೋಡಿದ. ಅವನ ಕಿವಿಗಳು ಕೆಂಪಾಗುವುದನ್ನು ನಾನು ನೋಡಿದೆ, ನನ್ನ ಮುಖವೂ ಸುಡುತ್ತಿತ್ತು. ಹುಬ್ಬಿನ ಮೇಲಿನ ತೌಡು ಒರೆಸಿಕೊಂಡು, “ನಂಗ ಬಾಯಿ ಬರಲಿಲ್ಲವ್ವಾ,” ಎಂದ. ನನಗೂ ಬರಲಿಲ್ಲ ಎಂದೆ.

ಅವನು ಎದ್ದ. ನಾನು ಟಿಕೆಟ್ ಮಾಡಿಸಲು ಹೊರಟನೆಂದುಕೊಂಡೆ. ಅವನು ನೇರವಾಗಿ ಡಾಕ್ಟರ ಕೋಣೆಯ ಬಾಗಿಲಿಗೆ ಹೋದ. ಒಳಗೆ ಬೇರೆ ರೋಗಿ ಇದ್ದರು, ನರ್ಸ್ ತಡೆದಳು, ಅವನಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಬಾಗಿಲನ್ನು ಅರ್ಧ ತೆರೆದು ಹಿಡಿದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಇಡೀ ಕಾರಿಡಾರಿಗೆ ಕೇಳಿಸುವಂತೆ ಹೇಳಿದ:

“ಸಾಹೇಬ್ರ, ಅವತ್ತ ನಾ ಬ್ಯಾಡ ಅಂದಿದ್ದು ತಪ್ಪಾತ್ರಿ. ಈಗ ಎಲ್ಲಾ ಹೇಳ್ರಿ. ಮುಟ್ಟಿಂದು, ಮಕ್ಕಳಿಂದು, ಮುಂದ ಲಗ್ನಾ ಆದ್ರ ಹೆಂಗ ಅನ್ನೂದು, ನಾವ್ ಕೇಳದ ಬಿಟ್ಟಿದ್ದು ಏನೇನ ಅದಾವೋ, ಎಲ್ಲಾ. ಆಕಿ ಮುಂದ ಹೇಳ್ರಿ.”

ಬೆಂಚುಗಳ ಮೇಲೆ ಕೂತವರೆಲ್ಲ ಮೊದಲು ಅವನನ್ನು, ಆಮೇಲೆ ಅವನು ಕೈ ತೋರಿಸಿದ ಕಡೆ, ನನ್ನನ್ನು ನೋಡಿದರು. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ಹಣೆಯ ಮೇಲಿನ ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅಪ್ಪ ಬಾಗಿಲು ಬಿಡದೆ ಹಿಡಿದು ನಿಂತೇ ಇದ್ದ, ನಾನು ಬರುವವರೆಗೆ ಬಿಡುವವನಲ್ಲ. ಒಳಗಿದ್ದ ರೋಗಿ ಹೊರಗೆ ಬಂದರು. ನಾನು ಎದ್ದು, ಅಷ್ಟು ಜನರ ಮುಂದೆ ನಡೆದು, ಒಳಗೆ ಹೋಗಿ ಕೂತೆ.